ಸೌಭಾಗ್ಯಳ ದನಿ

ಉಗುರಿನ ಕೆಂಪು ಬಣ್ಣ ಅರ್ಧ ಸವೆದಿದೆ, ಮುಂದಿನ ಸೀಟಿನವಳ ಹೆಬ್ಬೆರಳಿನ ಉಗುರು, ತುದಿಯಲ್ಲಿ ಪೂರ್ತಿ ಹೋಗಿ ಬುಡದಲ್ಲಿ ಮಾತ್ರ ಒಂದು ಗೆರೆ ಉಳಿದಿದೆ, ಪಾತ್ರೆ ತಿಕ್ಕುವ ಕೈ ಇರಬೇಕು, ಮುಂಗೈ ತುಂಬ ಹೊಸ ಹಸಿರು ಬಳೆ, ಕುಬಸದ ಬಳೆ, ಅಂದರೆ ಬಸುರಿ — ಅಕ್ಕನಾಗಮ್ಮ ಎರಡು ಸೀಟಿನ ನಡುವಿನ ಸಂದಿಯಿಂದ ಸುಮ್ಮನೆ ನೋಡುತ್ತಿದ್ದಳು, ನೋಡುವುದೊಂದೇ ಅವಳಿಗೆ ಚೆನ್ನಾಗಿ ಬರುವುದು, ಟಿಕೋಟಾದಲ್ಲಿ ಬಸ್ಸು ಹತ್ತಿದಾಗಿನಿಂದ ಆ ಬೆರಳು ಮೊಬೈಲಿನ ಗಾಜಿನ ಮೇಲೆ ಮೇಲಕ್ಕೂ ಕೆಳಕ್ಕೂ ಜಾರುತ್ತಲೇ ಇದೆ, ಈಗ ಒಂದು ಕಡೆ ನಿಂತಿತು, ಒತ್ತಿತು, ಮತ್ತು ಆ ಕೆಂಪು ಉಗುರಿನ ಅಡಿಯಿಂದ ಅಕ್ಕನಾಗಮ್ಮನದೇ ದನಿ ಎದ್ದು ಬಂತು. ನಮಸ್ಕಾರ್ರಿ ಅಕ್ಕಾರ, ನಾ ಸೌಭಾಗ್ಯ, ನಿಮ್ಮಂಗ ಮನ್ಯಾಗ ಇರಾಕಿ, ನನಗೂ ಮೊದಲ ನಂಬಿಕಿ ಇರಲಿಲ್ಲ ಬಿಡ್ರಿ, ಈಗ ನೋಡ್ರಿ ಪೆನ್ಸಿಲ್ ಬಂದಾವ, ಪ್ಯಾಕ್ ಮಾಡಿ ಕೊಟ್ಟೇನಿ, ರೊಕ್ಕನೂ ಬಂದೈತಿ, ಹೆದರಬ್ಯಾಡ್ರಿ. ಅಕ್ಕನಾಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಬಾಯಿ ಮುಚ್ಚಿಕೊಂಡರೆ ಅದು ಅಲ್ಲಿಯೂ ನಿಲ್ಲುತ್ತದೇನೋ ಎಂಬಂತೆ, ನಿಲ್ಲಲಿಲ್ಲ, ಬಸುರಿ ಅದನ್ನು ಇನ್ನೊಮ್ಮೆ ಹಚ್ಚಿ ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಮುದುಕಿಯ ಕಿವಿಗೆ ಹಿಡಿದಳು, ಕೇಳ್ರಿ ಬೀಬಿಜಾನಮ್ಮಾ, ಇದು ಬೆಂಗಳೂರವ್ರ ಮಾತಲ್ಲ, ನಮ್ಮ ಕಡೀ ಮಾತು, ಸುಳ್ಳ ಹೇಳಾಕಿ ಹಿಂಗ ಹೇಳತಾಳೇನ್ರಿ — ಮುದುಕಿ ತಲೆದೂಗಿದಳು, ಹೌದ ನೋಡ ಕಸ್ತೂರಿ, ಹುಡಿಗಿ ಮಾತಿನಾಗ ಬೆಲ್ಲ ಐತಿ, ಹಿಂತಾಕಿನ್ನ ಸೊಸಿ ಮಾಡ್ಕೋಬೇಕ.

ಬೆಲ್ಲ. ಹೀಗೆಂದು ಅವಳಿಗೆ ಯಾರಾದರೂ ಹೇಳಿದ್ದುಂಟೇ, ಎಂಟನೇ ಇಯತ್ತೆಯಲ್ಲಿ ಮಾಸ್ತರರು ಎದ್ದು ನಿಲ್ಲಿಸಿ ಪಾಠ ಓದು ಎಂದಾಗ ಅಕ್ಷರಗಳೆಲ್ಲ ಇರುವೆಯ ಹಾಗೆ ಹರಿದಾಡಿದವು, ಬಾಯಿಂದ ಉಸಿರು ಮಾತ್ರ ಬಂತು, ಹಿಂದಿನ ಬೆಂಚಿನಿಂದ ನಗು, ಯಾಕ ಬೇ ನಾಗಿ, ನಾಲಗಿ ಮನ್ಯಾಗ ಇಟ್ಟ ಬಂದಿ ಏನ, ಅದೇ ಬೇಸಿಗೆಯಲ್ಲಿ ಒಣದ್ರಾಕ್ಷಿ ಆರಿಸುವ ಶೆಡ್ಡಿಗೆ ಅವ್ವನ ಜೊತೆ ಹೋದವಳು ಮತ್ತೆ ಸಾಲಿಗೆ ಹೋಗಲಿಲ್ಲ, ಶೆಡ್ಡಿನಲ್ಲಿ ಮಾತು ಬೇಕಾಗಿಲ್ಲ, ಕಣ್ಣು ಮತ್ತು ಬೆರಳು ಸಾಕು, ಕರಿದು ಅತ್ತ, ಕಡ್ಡಿ ಇದ್ದದ್ದು ಇತ್ತ, ಪಕ್ಕದಲ್ಲಿ ಕೂರುವ ಅಬೇದಾ ಇಬ್ಬರ ಪಾಲಿನ ಮಾತನ್ನೂ ತಾನೇ ಆಡುತ್ತಾಳೆ. ಮೊಬೈಲಿನಲ್ಲಿ ಕೆಲಸ ಕೊಡುತ್ತೇವೆಂದ ಆ ಮೇಡಮ್ಮಿಗೂ ಮೊದಲು ಬರೆದೇ ಕಳಿಸಿದ್ದಳು, ಮನೆಯಲ್ಲೇ ಕೂತು ಪೆನ್ಸಿಲ್ ಪ್ಯಾಕ್ ಮಾಡುವ ಕೆಲಸ, ಸೀಸನ್ ಮುಗಿದ ಮೇಲೆ ಶೆಡ್ಡು ಖಾಲಿ, ಆಗ ಇದೊಂದು ಇದ್ದರೆ ಎಂದು, ನೋಂದಣಿಗೆ ಇಷ್ಟು ಎಂದರು ಹಾಕಿದಳು, ಗುರುತಿನ ಚೀಟಿಗೆ ಇಷ್ಟು ಎಂದರು ಹಾಕಿದಳು, ಫೋಟೋ ಬಂತು ನೋಡು, ಲಾರಿಯ ಫೋಟೋ, ಡಬ್ಬಗಳ ಮೇಲೆ ಡಬ್ಬ, ನಿನ್ನ ಮಾಲು ದಾರಿಯಲ್ಲಿದೆ — ಒಂದು ಸಲ ಅವಸರಕ್ಕೆ ಬರೆಯಲಾಗದೆ ದನಿ ಕಳಿಸಿಬಿಟ್ಟಳು, ಅದೇ ತಪ್ಪಾಯಿತು, ಮೇಡಮ್ ಕೂಡಲೇ ಫೋನ್ ಮಾಡಿದರು, ನಿಮ್ಮ ವಾಯ್ಸ್ ಎಷ್ಟು ಸ್ವೀಟ್ ಆಗಿದೆ, ನಿಮ್ಮನ್ನು ಗ್ರೂಪ್ ಲೀಡರ್ ಮಾಡುತ್ತೇವೆ, ಮಾಲು ಬಂದಿದೆ, ದುಡ್ಡು ಬಂದಿದೆ ಅಂತ ಚಿಕ್ಕದಾಗಿ ಹೇಳಿ ಕಳಿಸಿ. ಬಂದಿಲ್ಲಲ್ರಿ ಮೇಡಮ್. ಬರುತ್ತಲ್ಲ, ಈಗಲೇ ಹೇಳಿದರೆ ಏನು. ಹೌದು, ಏನು, ಮನೆಯಲ್ಲಿ ಅವ್ವ ಹುಟ್ಟಿದಾಗಿನಿಂದ ಕಲಿಸಿದ್ದೂ ಅದೇ ಅಲ್ಲವೇ, ಉಪ್ಪು ತೀರಿದರೆ ತೀರಿತು ಅನ್ನಬಾರದು, ಉಪ್ಪು ಹೆಚ್ಚಾಗೇದ ಅನ್ನಬೇಕು, ಬಳೆ ಒಡೆದರೆ ಹೆಚ್ಚಿದವು ಅನ್ನಬೇಕು, ಹಿಟ್ಟಿನ ಡಬ್ಬಿಯ ತಳ ಕೆರೆಯುತ್ತ ಹೆಚ್ಚಾಗೇದ ಬೇ ಎಂದು ಕೂಗಿ ಹೇಳಬೇಕು, ಇಲ್ಲ ಅನ್ನೂದು ಮನಿಗೆ ಚಲೋ ಅಲ್ಲ ನಾಗಿ, ವಾಸ್ತು ದೇವರು ಅಸ್ತು ಅಂತಿರತಾನ, ಬಂದೈತಿ ಅಂದ್ರ ಬರತೈತಿ. ದನದ ಕೊಟ್ಟಿಗೆಯ ಹಿಂದೆ ಹೋಗಿ, ಯಾರೂ ಇಲ್ಲವೆಂದು ನೋಡಿಕೊಂಡು, ಹೆಬ್ಬೆರಳಿನಿಂದ ಆ ಪುಟ್ಟ ಮೈಕಿನ ಗುರುತನ್ನು ಒತ್ತಿ ಹಿಡಿದಳು, ಒತ್ತಿ ಹಿಡಿದಷ್ಟು ಹೊತ್ತು ಅವಳು ಅವಳಾಗಿರಲಿಲ್ಲ, ಸ್ವಂತ ಹೆಸರು ಹೇಳಲು ನಾಚಿಕೆಯಾಗಿ ತರಗತಿಯಲ್ಲಿ ಗಿಣಿಯ ಹಾಗೆ ಓದುತ್ತಿದ್ದ ಸೌಭಾಗ್ಯ ಎಂಬವಳ ಹೆಸರನ್ನು ಎತ್ತಿಕೊಂಡಳು, ಹೆಸರು ಹಾಕಿಕೊಂಡದ್ದೇ ನಾಲಗೆ ಹೂವಾಯಿತು, ನಮಸ್ಕಾರ್ರಿ ಅಕ್ಕಾರ, ತಡೆಯಲಿಲ್ಲ, ಬೆವರಲಿಲ್ಲ, ಎಮ್ಮೆಯೊಂದು ತಿರುಗಿ ನೋಡಿತು ಅಷ್ಟೇ, ಬೆರಳು ಎತ್ತಿದಳು, ಹೋಯಿತು. ಆ ದಿನ ಎಷ್ಟು ಖುಷಿ ಆಗಿತ್ತು. ಅದನ್ನು ನೆನೆದರೆ ಈಗ ಉಗುಳಬೇಕು ಅನಿಸುತ್ತದೆ, ತನ್ನ ಮುಖಕ್ಕೇ.

ಕಂಡಕ್ಟರ್ ಬಂದ, ಆಧಾರ್ ತೋರ್ಸ್ರಿ, ಎಲ್ಲಿಗೆ ಬೇ, ವಿಜಯಪುರ, ಏನ, ವಿಜಯಪುರ, ಗಟ್ಟಿ ಹೇಳಬೇ ತಂಗಿ, ಟಿಕೆಟ್ ಫ್ರೀ ಐತಿ, ಮಾತೂ ಫ್ರೀ ಐತಿ, ನಾಕು ಜನ ನಕ್ಕರು, ಕಸ್ತೂರಿಯೂ ತಿರುಗಿ ನೋಡಿ ನಕ್ಕಳು, ಕೆಟ್ಟ ನಗುವಲ್ಲ, ಹಲ್ಲು ಚಂದ, ಹಣೆಯಲ್ಲಿ ನಿನ್ನೆಯ ಭಂಡಾರ ಇನ್ನೂ ಇದೆ, ಅವಳಿಗೆ ಗೊತ್ತಾಗಲಿಲ್ಲವೇ, ಒಂದೇ ಮಾತು ಆಡಿದ್ದಲ್ಲ, ವಿಜಯಪುರ ಎಂಬ ಒಂದೇ ಮಾತಿನಿಂದ ದನಿ ಗುರುತು ಸಿಗುವುದಿಲ್ಲ, ಸಿಗಬಾರದು, ಸಿಕ್ಕರೆ ಈ ಬಸ್ಸಿನಲ್ಲೇ ಸೆರಗು ಹಿಡಿದು ಎಳೆಯುತ್ತಾರೆ. ಅಬೇದಾ ಅಂದದ್ದು ಅದೇ, ಈ ಸೌಭಾಗ್ಯ ಅನ್ನಾಕಿ ನನ್ನ ಕೈಗೆ ಸಿಗಲಿ, ಜಡಿ ಹಿಡದ ಶೆಡ್ಡಿಗೆ ಮೂರು ಸುತ್ತ ಹೊಡಸ್ತೇನಿ — ಅಬೇದಾ ದುಡ್ಡು ಕಟ್ಟಿದ್ದಳು, ಶೆಡ್ಡಿನ ಅರ್ಧ ಹೆಂಗಸರು ಕಟ್ಟಿದ್ದರು, ಯಾರಿಗೂ ಪೆನ್ಸಿಲ್ ಬರಲಿಲ್ಲ, ಎಲ್ಲರ ಮೊಬೈಲಿನಲ್ಲೂ ಅದೇ ದನಿ, ಹೆದರಬ್ಯಾಡ್ರಿ, ಹೆದರಬ್ಯಾಡ್ರಿ, ಒಣದ್ರಾಕ್ಷಿ ರಾಶಿಯ ಸುತ್ತ ಕೂತು ಒಬ್ಬರಿಗೊಬ್ಬರು ಕೇಳಿಸಿದರು, ಅಕ್ಕನಾಗಮ್ಮನ ಕಿವಿಗೂ ಹಿಡಿದರು, ವರ್ಷಗಟ್ಟಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತ ಅಬೇದಾಳಿಗೇ ಗುರುತು ಸಿಗಲಿಲ್ಲ, ಯಾಕೆಂದರೆ ಅಷ್ಟು ಉದ್ದ ಅವಳು ಅಬೇದಾಳ ಮುಂದೆ ಯಾವತ್ತೂ ಮಾತಾಡಿರಲಿಲ್ಲ. ಆಗಲೇ ಹೇಳಬಹುದಿತ್ತು. ಅಬೇದಾಳ ಅಣ್ಣ ತೌಸೀಫ ಶೆಡ್ಡಿಗೆ ಬಂದು ಎಲ್ಲರ ಮುಂದೆ ಬೈದ, ಕೆಲಸ ಕೊಡಾಂವ ರೊಕ್ಕ ಕೊಡ್ತಾನೋ ಇಸ್ಕೋತಾನೋ, ಅಷ್ಟರ ತಿಳಿಬಾರದ, ನಮ್ಮ ಸೇಠ ನಿಮ್ಮ ಕಡಿಂದ ರೊಕ್ಕ ಇಸ್ಕೊಂಡ ದ್ರಾಕ್ಷಿ ಆರಿಸಾಕ ಕೂಡಿಸ್ಯಾನೇನ, ಆಫೀಸ್ ಎಲ್ಲೈತಿ ಕೇಳಿದ್ರೇನ, ಹೋಗಿ ನೋಡಿದ್ರೇನ, ಇವತ್ತ ಹಾಕ್ರಿ ನಾಳಿ ಬಂದ್ ಅಂದ ಕೂಡಲೇ ಓಡಿದ್ರಿ, ಲಾರಿ ಫೋಟೋದಾಗ ಲಾರಿ ನಂಬರರ ಐತೇನ — ಇರಲಿಲ್ಲ, ನಂಬರಿನ ಜಾಗ ಮಸುಕಾಗಿತ್ತು, ಅದನ್ನು ಅಕ್ಕನಾಗಮ್ಮ ಮೊದಲ ದಿನವೇ ನೋಡಿದ್ದಳು, ಕಡ್ಡಿ ಇರುವ ದ್ರಾಕ್ಷಿ ಕಂಡ ಹಾಗೆ ಕಂಡಿತ್ತು, ಕಂಡೂ ರಾಶಿಯೊಳಗೇ ಬಿಟ್ಟಳು. ಸೈಬರ್ ಪೊಲೀಸರ ನಂಬರ್ ಒಂದೊಂಬತ್ತು ಮೂರು ಸೊನ್ನೆಗೆ ಫೋನ್ ಹಚ್ಚರಿ, ಲಗೂ ಹಚ್ಚಿದ್ರ ಹೋದ ರೊಕ್ಕ ಅಲ್ಲೇ ತಡೀತಾರ ಎಂದ ತೌಸೀಫ, ಅವಳು ಅದೇ ಕೊಟ್ಟಿಗೆಯ ಹಿಂದೆ ಹೋಗಿ ಹಚ್ಚಿದಳು, ಅತ್ತಕಡೆಯಿಂದ ಹೇಳಿ ಎಂದರು, ಹೇಳಿ, ಹಲೋ, ಹೇಳಿ, ಇವಳ ಬಾಯಿಂದ ಉಸಿರು ಮಾತ್ರ, ಎಂಟನೇ ಇಯತ್ತೆಯ ಅದೇ ಉಸಿರು, ಕಟ್ ಮಾಡಿದಳು. ಎಮ್ಮೆ ತಿರುಗಿ ನೋಡಿತು. ಅದಕ್ಕೇ ಈಗ ಖುದ್ದು ಹೊರಟಿದ್ದಾಳೆ, ವಿಜಯಪುರದ ಸೈಬರ್ ಠಾಣೆಗೆ, ಅವ್ವನಿಗೆ ಆಧಾರ್ ತಿದ್ದಿಸಿಕೊಂಡು ಬರುತ್ತೇನೆ ಎಂದು ಹೇಳಿ, ಅಲ್ಲಿ ಎದುರಿಗೆ ನಿಂತು ಈ ದನಿ ನಂದ್ರಿ ಸಾಹೇಬ್ರ ಎನ್ನಬೇಕು, ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡುತ್ತಿದ್ದಾಳೆ, ನಂದ್ರಿ, ನಂದ್ರಿ.

ಆದರೆ ಠಾಣೆ ದೂರ ಇದೆ, ಉಗುರು ಹತ್ತಿರ ಇದೆ. ಕಸ್ತೂರಿ ಬಟ್ಟೆಯ ಪಾಕೀಟು ಬಿಚ್ಚಿ ಮುದುಕಿಗೆ ಹೇಳುತ್ತಿದ್ದಾಳೆ, ಕುಬಸದಾಗ ಉಡಿಯಾಗ ಹಾಕಿದ್ದ ರೊಕ್ಕ ಎಲ್ಲಾ ಖಾತೇಕ ಹಾಕಸೇನ್ರಿ, ಸಾರವಾಡ ಮುಟ್ಟಿದೆ ಅಂದ್ರ ನಮ್ಮತ್ತಿ ಇಸ್ಕೊಂಡಬಿಡತಾಳ, ಟ್ರ್ಯಾಕ್ಟರ್ ಗಾಲಿಗೆ ಹೋಗತೈತಿ, ಅದಕ್ಕ ಬಸ್ಸಿನಾಗ ಕಟ್ಟಿಬಿಡತೇನಿ, ಕೂಸಿಗೆ ಹಾಲ ಕುಡಸ್ತ ಪೆನ್ಸಿಲ್ ತುಂಬಿದ್ರಾತು, ಯಾರ ಮುಂದ ಕೈ ಒಡ್ಡೂದ ಬ್ಯಾಡ — ಬೆರಳು ಒತ್ತಿತು, ಗಾಜಿನ ಮೇಲೆ ಒಂದು ಚಕ್ರ ಸುತ್ತತೊಡಗಿತು, ಸುತ್ತಿತು, ಥೂ ಟವರ್ ಇಲ್ರಿ ಇಲ್ಲಿ ಎಂದಳು, ತೊರವಿ ಬರಲಿ ತಡಿ, ಅಲ್ಲಿ ಬರತೈತಿ ಎಂದಳು ಮುದುಕಿ. ತೊರವಿ. ತೊರವಿಯಲ್ಲಿ ಹೆಣ್ಣುಮಕ್ಕಳ ವಿಶ್ವವಿದ್ಯಾಲಯದ ಗೇಟು, ಅಲ್ಲಿ ಇಳಿಯುವ ಹುಡುಗಿಯರು ಬ್ಯಾಗು ಹಿಡಿದು ಬಾಗಿಲಿಗೆ ಬರುತ್ತಿದ್ದಾರೆ, ಬಾಯಿ ತುಂಬ ಮಾತು, ಯಾವುದೋ ಇಂಗ್ಲಿಷು, ಅವರಲ್ಲಿ ಒಬ್ಬಳು ಹೇಳಬಾರದೇ, ಓದಿದವರು ಹೇಳಿದರೆ ಕೇಳುತ್ತಾರೆ, ಅವರಿಗೆ ಕೇಳಿಸಲೇ ಇಲ್ಲ, ಕಿವಿಯಲ್ಲಿ ಬಿಳಿ ಗುಂಡಿಗಳು. ಹೊಲಗಳು ಹಿಂದಕ್ಕೆ ಓಡುತ್ತಿವೆ, ದ್ರಾಕ್ಷಿ ಚಪ್ಪರದ ಕಲ್ಲುಗಳು ಒಂದೊಂದೇ ಹೋಗುತ್ತಿವೆ, ಇನ್ನು ಸ್ವಲ್ಪ ಹೊತ್ತು, ಸುಮ್ಮನಿದ್ದರೆ ಯಾರಿಗೂ ಗೊತ್ತಾಗದು, ಇವಳೊಬ್ಬಳು ಕಳೆದುಕೊಂಡರೆ ಕಳೆದುಕೊಳ್ಳಲಿ, ಶೆಡ್ಡಿನ ಇಷ್ಟು ಜನ ಕಳೆದುಕೊಂಡಿದ್ದಾರೆ, ಮಾತಾಡಿದರೆ ಮಾತ್ರ ದನಿ ಗುರುತಾಗುತ್ತದೆ, ಬೀಬಿಜಾನಮ್ಮ ಬುಟ್ಟಿ ಎತ್ತಿ ಹೊಡೆಯುತ್ತಾಳೆ, ಕಂಡಕ್ಟರ್ ಸೀಟಿ ಊದುತ್ತಾನೆ, ಸುದ್ದಿ ಬಸ್ಸಿಗಿಂತ ಮೊದಲು ಟಿಕೋಟಾ ಮುಟ್ಟುತ್ತದೆ, ಅವ್ವ ಬಾಗಿಲು ಹಾಕಿಕೊಳ್ಳುತ್ತಾಳೆ — ಹಸಿರು ಬಳೆ ಸದ್ದು ಮಾಡಿದವು, ಕಸ್ತೂರಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ತನ್ನಷ್ಟಕ್ಕೆ ಸಣ್ಣಗೆ ನಕ್ಕಳು, ಒಳಗೆ ಕೂಸು ಹೊರಳಿರಬೇಕು. ಇಲ್ರೀ.

ಯಾರು ಅಂದದ್ದು, ಅವಳೇ, ಅಕ್ಕನಾಗಮ್ಮನೇ, ಎದ್ದು ನಿಂತಿದ್ದಾಳೆ, ಕೈ ಮುಂದಿನ ಸೀಟಿನ ಕಬ್ಬಿಣವನ್ನು ಹಿಡಿದಿದೆ, ಹಾಕಬ್ಯಾಡ್ರಿ ಅಕ್ಕಾ, ಪೆನ್ಸಿಲ್ ಬರಂಗಿಲ್ಲ, ಏನೂ ಬಂದಿಲ್ಲ, ಎಲ್ಲಾ ಸುಳ್ಳ, ಮಾತು ತುಂಡು ತುಂಡಾಗಿ, ನಡುನಡುವೆ ಉಸಿರು, ಕಸ್ತೂರಿ ತಿರುಗಿದಳು, ನೀ ಯಾರ ಬೇ ತಂಗಿ, ಯಾಕ ಅಳಾಕತ್ತಿ. ಆ ದನಿ ನಂದ್ರಿ. ಯಾವ ದನಿ. ಸೌಭಾಗ್ಯ ಅನ್ನಾಕಿ ನಾನ, ಹೇಳ ಅಂದ್ರು, ಹೇಳಿದೆ, ನನಗೂ ಏನೂ ಬಂದಿಲ್ಲ — ಕಲ್ಲು ಬೀಳುತ್ತದೆಂದು ಕಾದಳು, ಬುಟ್ಟಿ ಏಳುತ್ತದೆಂದು ಕಾದಳು, ಬಿದ್ದದ್ದು ಮುದುಕಿಯ ನಗು. ಕೇಳಿದೇನ ಕಸ್ತೂರಿ, ಈಕಿ ಸೌಭಾಗ್ಯ ಅಂತ, ಆಕಿ ಮಾತೇನು ಈಕಿ ಮಾತೇನು, ವಿಜಯಪುರ ಅನ್ನಾಕ ಬರವಲ್ದಾಗಿತ್ತ ಈಗರ. ಕಂಡಕ್ಟರ್ ಅಂದ, ಹಂಗಾರ ಅಂದ ತೋರಸ ಬೇ, ಫೋನಿನಾಗ ಅಂದಂಗ ಅಂದ ತೋರಸು. ತೋರಿಸಬೇಕು, ನಿಜವನ್ನು ನಂಬಿಸಬೇಕಾದರೆ ಅದೇ ಸುಳ್ಳನ್ನು ಇನ್ನೊಮ್ಮೆ ಹೇಳಬೇಕು, ಅಷ್ಟೇ ಸಿಹಿಯಾಗಿ, ನಮಸ್ಕಾರ್ರಿ ಅಕ್ಕಾರ ಎಂದಳು, ನಾ ಸೌ, ನಾ, ಹಿಂದಿನ ಬೆಂಚು ನಗುತ್ತಿದೆ, ಮಾಸ್ತರರು ಛಡಿ ಮೇಜಿಗೆ ಬಡಿಯುತ್ತಿದ್ದಾರೆ, ಪೆನ್ಸಿಲ್ ಬಂದಾ, ಉಸಿರು, ಕಸ್ತೂರಿಯ ಮುಖದಲ್ಲಿ ಕನಿಕರ ಬಂತು, ಅದು ಹೊಡೆತಕ್ಕಿಂತ ಕೆಟ್ಟದ್ದು, ಇರಲಿ ಬಿಡ ತಂಗಿ, ನಿನಗ ಕೆಲಸ ಕೊಡಲಿಲ್ಲಂತ ಹೊಟ್ಯಾಗ ಸಂಕಟ ಆಗೈತಿ, ನಮಗೂ ಆಗತೈತಿ, ಕೂಡ, ನೀರ ಕುಡಿ. ನಂದ್ರಿ, ನಂದ್ರಿ ಎನ್ನುತ್ತಿದ್ದಾಳೆ, ತುಟಿ ಮಾತ್ರ ಅಲ್ಲಾಡುತ್ತಿದೆ, ಬಸ್ಸು ತೊರವಿಯ ಗೇಟಿಗೆ ನಿಂತಿದೆ, ಹುಡುಗಿಯರು ಇಳಿಯುತ್ತಿದ್ದಾರೆ, ಗಾಜಿನ ಮೇಲಿನ ಚಕ್ರ ನಿಂತು ಪಿನ್ ಒತ್ತುವ ಅಂಕಿಗಳ ಮನೆಗಳು ಮೂಡಿವೆ, ಕಸ್ತೂರಿ ಅರೆಕ್ಷಣ ಅನುಮಾನಿಸಿದಳು, ಹೌದು, ಅಕ್ಕನಾಗಮ್ಮ ನೋಡಿದಳು, ಅವಳ ಕಣ್ಣಿನಲ್ಲಿ ಬಂದು ಹೋಯಿತು, ಖಾತ್ರಿ ಮಾಡಿಕೊಳ್ಳಲು ಆ ದನಿಯನ್ನು ಮತ್ತೊಮ್ಮೆ ಹಚ್ಚಿದಳು, ಬೆಲ್ಲದಂಥ ದನಿ, ತಡೆಯದ ದನಿ, ಬಸ್ಸಿನ ತುಂಬ, ಹೆದರಬ್ಯಾಡ್ರಿ, ಕಸ್ತೂರಿ ಹೂಂ ಎಂದಳು, ಅದಕ್ಕೆ, ಇವಳಿಗಲ್ಲ, ಅದಕ್ಕೆ, ಹೆಬ್ಬೆರಳು ಎದ್ದಿತು, ಬುಡದಲ್ಲಿ ಒಂದು ಕೆಂಪು ಗೆರೆ, ಒಂದು ಅಂಕಿಗೆ ಬಿತ್ತು, ಎದ್ದಿತು, ಇನ್ನೊಂದಕ್ಕೆ, ಎದ್ದಿತು, ಕೆಂಪು ಗೆರೆ, ಬಿತ್ತು, ಕೆಂಪು ಗೆರೆ —