ಮಾತಿಗೆ ಮುಂಚಿನ ಕೆಮ್ಮು

ಗಂಟಲಿನ ಆಪರೇಷನ್ ಆಗಿ ಮಾವನವರ ದನಿ ಹೋದಮೇಲೆ ಅವರ ಪರವಾಗಿ ಮಾತಾಡುತ್ತಿದ್ದದ್ದು ಒಂದು ಓಬೀರಾಯನ ಕಾಲದ ಕಂಪ್ಯೂಟರು. ಅವರು ಟೈಪ್ ಮಾಡಿದ್ದನ್ನು ಅದು ತನ್ನ ಯಂತ್ರದ ದನಿಯಲ್ಲಿ ಗಟ್ಟಿಯಾಗಿ ಹೇಳುತ್ತಿತ್ತು, ಬರಬರುತ್ತ ಅದೇ ಅವರ ದನಿಯಾಗಿತ್ತು. ಅದೂ ಕೆಟ್ಟು ಕೂತಿತು, ರಿಪೇರಿಯವನು ಕೈಚೆಲ್ಲಿದ. ಹೊಸದನ್ನು ತಂದಿಟ್ಟರೆ ಅದರದು ವಾರ್ತೆ ಓದುವವರ ದನಿ. ಮಾವ ಎರಡು ವಾಕ್ಯ ಕೇಳಿ ಮುಚ್ಚಳ ಮುಚ್ಚಿದರು. ಅಂದಿನಿಂದ ಮನೆಯಲ್ಲಿ ಅವರ ಮಾತೇ ಇಲ್ಲ. ಮದುವೆಯಾದಾಗಿನಿಂದ ಈ ಮನುಷ್ಯ ಇಷ್ಟು ಸುಮ್ಮನಿದ್ದದ್ದು ಇದೇ ಮೊದಲೆಂದು ಅತ್ತೆ ನಗೆಯಾಡಿದರು, ಆದರೆ ಅತ್ತೆಯದೇ ಊಟ ಅರ್ಧಕ್ಕರ್ಧ ತಟ್ಟೆಯಲ್ಲೇ ಉಳಿಯುತ್ತಿತ್ತು.

ಸೊಸೆಯ ಕಸುಬೇ ಇದು. ಆ ಮಾತಾಡುವ ಪ್ರೋಗ್ರಾಂ ಅವಳ ಕಚೇರಿಯದು. ಅದು ಬೇರೆ ಬೇರೆ ಆಪರೇಟಿಂಗ್ ಸಿಸ್ಟಂಗಳ ಮೇಲೆ ಓಡುವಂತೆ ನೋಡಿಕೊಳ್ಳುವುದು ಅವಳ ಕೆಲಸ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಜಾತಿ ಅವು, ಒಂದಕ್ಕೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗದು. ಅವುಗಳಲ್ಲಿ ಎಲ್ಲಕ್ಕಿಂತ ಹಳೆಯದಕ್ಕೆ ಇನ್ನು ಬೆಂಬಲ ಬೇಡ, ಬಳಸುವವರು ಬೆರಳೆಣಿಕೆಯಷ್ಟು ಮಂದಿ ಎಂದು ಕಚೇರಿ ತೀರ್ಮಾನಿಸಿದಾಗ ಇವಳೂ ತಲೆಯಾಡಿಸಿದ್ದಳು. ಆ ಬೆರಳುಗಳಲ್ಲೊಂದು ತನ್ನ ಮನೆಯಲ್ಲೇ ಇದೆಯೆಂದು ಆಗ ಹೊಳೆಯಬೇಡವೇ?

ಮಾವನವರ ದನಿ ಇದ್ದದ್ದು ಆ ಹಳೆಯ ಸಿಸ್ಟಂನ ಹೊಟ್ಟೆಯಲ್ಲಿ, ಬೇರೆಲ್ಲೂ ಇಲ್ಲ. ಹಾಗಾಗಿ ಅವಳು ರಜೆ ಹಾಕಿ ಕೂತಳು. ಸತ್ತ ಯಂತ್ರದ ನಡೆನುಡಿಯನ್ನೆಲ್ಲ ಅನುಕರಿಸುವ ಪ್ರೋಗ್ರಾಂ ಒಂದನ್ನು ಹೊಸ ಕಂಪ್ಯೂಟರಿನಲ್ಲಿ ಕಟ್ಟಿ, ತೆಗೆದಿಟ್ಟುಕೊಂಡಿದ್ದ ಹಳೆಯ ಡಿಸ್ಕಿನಲ್ಲಿದ್ದುದನ್ನು ಅದರೊಳಗೆ ಇಳಿಸಿದಳು. ಪರದೆಯ ಮೂಲೆಯಲ್ಲೊಂದು ಪುಟ್ಟ ಕಪ್ಪು ಕಿಟಕಿ ತೆರೆಯಿತು. ಹಳೆಯ ಸಿಸ್ಟಂ ಎದ್ದು ತನ್ನ ಚೂರುಪಾರು ಮೆಮೊರಿಯನ್ನು ಎಣಿಸಿಕೊಂಡಿತು, ಇವತ್ತು ತಾರೀಕು ಎಷ್ಟೆಂದು ಕೇಳಿತು. ತಾನಿದ್ದ ಪೆಟ್ಟಿಗೆ ಗುಜರಿ ಸೇರಿದೆಯೆಂದು ಅದಕ್ಕೆ ಗೊತ್ತೇ ಇಲ್ಲ. ಇಷ್ಟು ವರ್ಷ ಇದೇ ಕಸುಬು ಮಾಡಿದವಳಿಗೆ ಮೈ ಜುಮ್ಮೆಂದಿತು.

ದನಿ ಬಂತು, ಆದರೆ ಹೊಸ ಯಂತ್ರದ ವೇಗಕ್ಕೆ ಸಿಕ್ಕಿ ಪಟಪಟ ಸಿಡಿಯಿತು. ಅದಕ್ಕೆ ಕಾಯುವುದನ್ನು ಕಲಿಸಿದಳು. ಅಜ್ಜನ ಕೈಹಿಡಿದು ನಡೆಯುವ ಮೊಮ್ಮಗಳ ಹಾಗೆ ಆ ಮಹಾ ಯಂತ್ರ ಹೆಜ್ಜೆಹೆಜ್ಜೆಗೂ ನಿಂತು ಹೊರಟಿತು. ಇನ್ನೊಂದು ದೋಷವಿತ್ತು. ಹಳೆಯ ಸಿಸ್ಟಂ ಸ್ಪೀಕರನ್ನು ಎಬ್ಬಿಸುವಾಗಲೆಲ್ಲ ಮಾತಿಗೆ ಮುಂಚೆ 'ಖಕ್' ಎಂದು ಸಣ್ಣ ಸದ್ದು ಮಾಡುತ್ತಿತ್ತು. ಅದನ್ನೂ ತೆಗೆದುಹಾಕಿ ಬೀಗಿದಳು.

ಮಾವ ಬಂದು ಕೂತು, ತಮ್ಮ ದನಿ ಕೇಳಿ ಕಣ್ಣರಳಿಸಿದರು. ಆಮೇಲೆ ಹೆಂಡತಿಯನ್ನು ಕರೆದರು. ಒಳಗೆ ಪಾತ್ರೆ ತೊಳೆಯುತ್ತಿದ್ದ ಅತ್ತೆ ತಿರುಗಲಿಲ್ಲ. ಇನ್ನೊಮ್ಮೆ ಕರೆದರು. ನಲ್ಲಿಯ ಸದ್ದು ನಿಲ್ಲಲಿಲ್ಲ. ಮಾವನವರ ಮುಖ ಇಳಿದುಹೋಯಿತು. ಕೈ ಮುಚ್ಚಳದತ್ತ ಹೋದದ್ದು ಅರ್ಧದಲ್ಲೇ ನಿಂತಿತು. ಅವರು ಸೊಸೆಯನ್ನು ನೋಡಿ, ಗಂಟಲಿನ ಮೇಲೆ ಬೆರಳಿಂದ ಒಮ್ಮೆ ತಟ್ಟಿ ತೋರಿಸಿದರು.

ಅವಳಿಗೆ ಅರ್ಥವಾಗಲು ತುಸು ಹೊತ್ತೇ ಹಿಡಿಯಿತು. ಅರ್ಥವಾದಾಗ ನಾಚಿಕೆಗಿಂತ ಹೆಚ್ಚಾಗಿ ಬೆರಗಾಯಿತು. ಯಾವ ಊರಿನ ಯಾವ ಎಂಜಿನಿಯರೋ ಎಂದೋ ಮಾಡಿದ ತಪ್ಪು ಆ 'ಖಕ್'. ಈ ಮನೆಗೆ ಬಂದು ಒಬ್ಬ ಮನುಷ್ಯನ ಉಸಿರಾಗಿತ್ತು.

ತೆಗೆದುಹಾಕಿದ ದೋಷವನ್ನು ಹುಷಾರಾಗಿ ಮತ್ತೆ ಅದರ ಜಾಗದಲ್ಲಿಟ್ಟಳು.

ಮಾವ ಟೈಪ್ ಮಾಡಿ ಗುಂಡಿ ಒತ್ತಿದರು. ಖಕ್ ಎಂದಿತು.

ಇನ್ನೂ ಒಂದಕ್ಷರವೂ ಹೊರಬಿದ್ದಿರಲಿಲ್ಲ, ಒಳಗೆ ನಲ್ಲಿ ನಿಂತಿತು. "ಬಂದೇರೀ, ಏನ್ ಬೇಕಿತ್ತು?" ಎನ್ನುತ್ತ ಅತ್ತೆ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದರು.

ಮಾತು ಆಮೇಲೆ ಬಂತು, ನಿಧಾನವಾಗಿ.

"ಏನೂ ಬೇಡ ಕಣೇ. ಸುಮ್ನೆ ಕರೆದೆ."