ಎರಡು ಬಲ್ಬುಗಳ ಚಿತ್ರ

"ಅಕ್ಕ, ನಿಮ್ ಚಿತ್ರ ಎಲ್ಲ ಉತ್ರ ಹೇಳಿಬಿಡತ್ತ್," ಎಂದಳು ವಿನಯಾ, ಅಂಗಡಿಯ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ.

ಸುಗುಣಳಿಗೆ ಚುರುಕ್ ಎಂದಿತು. ಕುಂದಾಪುರದಲ್ಲಿ ಹದಿನಾರು ವರ್ಷದಿಂದ ಡಿಟಿಪಿ ಅಂಗಡಿ ನಡೆಸುತ್ತಿದ್ದವಳು. ಅವಳು ಮಾಡಿದ ಮದುವೆ ಕಾಗದದಲ್ಲಿ ಒಂದು ದೀರ್ಘ ತಪ್ಪಿದ್ದಿಲ್ಲ. ಕಣ್ಣು ಕಾಣದ ಈ ಹುಡುಗಿಗಾಗಿ ಹತ್ತನೇ ಕ್ಲಾಸಿನ ವಿಜ್ಞಾನದ ಮಾದರಿ ಪ್ರಶ್ನೆಪತ್ರಿಕೆಗಳನ್ನು ಕಂಪ್ಯೂಟರೇ ಓದಿ ಹೇಳುವಂಥ ಪಿಡಿಎಫ್ ಮಾಡಿಕೊಟ್ಟಿದ್ದಳು. ಒಂದೊಂದು ಚಿತ್ರಕ್ಕೂ ವಿವರಣೆ ಬರೆದು ಒಳಗೆ ಸೇರಿಸಿದ್ದಳು. ಅಂಥ ಕೆಲಸಕ್ಕೆ ಈಗ ಕೊಂಕು!

"ಎಂತ ತಪ್ಪಾಯ್ತ್ ಹೇಳ್, ಕಾಂಬ."

"ನೀವೇ ಕೇಣಿ," ಎಂದು ವಿನಯಾ ಕೀಲಿಮಣೆ ಒತ್ತಿದಳು.

ಕಂಪ್ಯೂಟರಿನ ಒಣ ದನಿ ಓದಿತು: "ಚಿತ್ರ. ಸಮಾಂತರ ಜೋಡಣೆಯ ಎರಡು ಬಲ್ಬುಗಳು. ಬಲ್ಬು ಅ ಕೆಟ್ಟರೂ ಬಲ್ಬು ಆ ಉರಿಯುತ್ತದೆ. ಪ್ರಶ್ನೆ. ಬಲ್ಬು ಅ ಕೆಟ್ಟರೆ ಬಲ್ಬು ಆ ಏನಾಗುತ್ತದೆ?"

ಸುಗುಣ ನಾಲಿಗೆ ಕಚ್ಚಿಕೊಂಡಳು. ತಂತಿಗಳ ಚಿತ್ರ ತಲೆಗೆ ಹೋಗದೆ, ಪಕ್ಕದಲ್ಲಿದ್ದ ಉತ್ತರದ ಹಾಳೆಯಿಂದಲೇ ವಾಕ್ಯ ಎತ್ತಿ ಹಾಕಿದ್ದಳು.

"ಮನಿಯಂಗ್ ಕೂಕಂಡ್ ಬರ್ದ್ರೆ ನಂಗೆ ಪೂರಾ ಮಾರ್ಕ್. ಶಾಲಿ ಪರೀಕ್ಷೆಯಂಗ್ ಟೀಚರ್ ಚಿತ್ರ ಮಾತ್ರ ವಿವರ್ಸಿದ್ರ್, ಸೊನ್ನೆ ಬಂತ್. ಪಬ್ಲಿಕ್ ಪರೀಕ್ಷೆಗೆ ಇನ್ ಇಪ್ಪತ್ತೇ ದಿನ."

ಕೆರಾಡಿಯಿಂದ ಬಸ್ಸಿನಲ್ಲಿ ಮಗಳನ್ನು ಕರೆತಂದ ಸೀತು ಬೆಂಚಿನಿಂದಲೇ ಹೇಳಿದಳು: "ಕಾಣದ ಮಕ್ಳಿಗೆ ಒಂಚೂರ್ ಹೇಳ್ಕೊಟ್ರೆ ಎಂತ ಆತ್ತ್?"

"ಅಮ್ಮ, ನೀ ಸುಮ್ನಿರ್! ಪಾಪದ ಮಾರ್ಕ್ ನಂಗ್ ಬ್ಯಾಡ."

ಭಲೇ ಹೆಣ್ಣೇ ಎನಿಸಿತು ಸುಗುಣಳಿಗೆ. ಸಿಟ್ಟೆಲ್ಲ ಇಳಿದುಹೋಯಿತು. "ಕೂಕೋ. ಇದನ್ನ್ ಸರಿ ಮಾಡ್ದೆ ನಿನ್ನ ಕಳ್ಸುದಿಲ್ಲೆ," ಎಂದು ಕುರ್ಚಿ ಎಳೆದು ಕೊಟ್ಟಳು.

ಆ ಚಿತ್ರವನ್ನು ಅವಳು ನಿಜವಾಗಿ ನೋಡಿದ್ದು ಆಗಲೇ. ಪೆನ್ಸಿಲಿನ ತುದಿಯಿಂದ ತಂತಿಯ ಜಾಡು ಹಿಡಿದು ಎರಡು ಸಲ ಹೋಗಿ ಬಂದಳು. 'ಸಮಾಂತರವಾಗಿ' ಎಂದು ಬೆರಳು ತಾನಾಗಿ ಟೈಪು ಮಾಡಿತು. ಥತ್, ಅದೂ ಅರ್ಧ ಉತ್ತರವೇ ಎಂದು ಅಳಿಸಿದಳು. ಕೊನೆಗೆ ದನಿ ಹೀಗೆ ಓದಿತು:

"ಬ್ಯಾಟರಿಯಿಂದ ಹೊರಟ ತಂತಿ ಮುಂದೆ ಎರಡು ಕವಲಾಗುತ್ತದೆ. ಒಂದು ಕವಲಿನಲ್ಲಿ ಬಲ್ಬು ಅ, ಇನ್ನೊಂದರಲ್ಲಿ ಬಲ್ಬು ಆ. ಬಲ್ಬುಗಳನ್ನು ದಾಟಿದ ಮೇಲೆ ಕವಲುಗಳು ಮತ್ತೆ ಕೂಡಿ ಬ್ಯಾಟರಿಯ ಇನ್ನೊಂದು ತುದಿಗೆ ಸೇರುತ್ತವೆ."

"ತಲ್ಲೂರಂಗ್ ರಸ್ತೆ ಎರಡಾತ್ತಲ್ದಾ, ಹಾಂಗಾ?" ವಿನಯಾ ತಾವು ಬಂದ ಬಸ್ಸಿನ ದಾರಿ ನೆನೆದು ಕೇಳಿದಳು.

"ಹಾಂಗೇ."

ವಿನಯಾ ಯೋಚಿಸಿದಳು. "ಅ ಕೆಟ್ರೆ ಆ-ವೂ ಆರತ್ತ್."

ಸೀತು ಸುಗುಣಳ ಮುಖ ನೋಡಿದಳು. 'ಅಲ್ಲ ಮಗಾ' ಎಂಬುದು ಸುಗುಣಳ ಗಂಟಲವರೆಗೆ ಬಂದಿತ್ತು. ನುಂಗಿಕೊಳ್ಳುವುದು ಸುಲಭವಾಗಲಿಲ್ಲ.

ಯಾರೂ ಮಾತಾಡದ್ದು ವಿನಯಾಳಿಗೆ ಗೊತ್ತಾಯಿತು. "ತಪ್ಪಾ ಅಕ್ಕ?" ಎಂದವಳ ಮುಖ ಅರಳಿತು. "ತಪ್ಪೇ ಅಲ್ದಾ? ಈಗ ಚಿತ್ರ ಉತ್ರ ಹೇಳುದಿಲ್ಲೆ, ನೀವೂ ಹೇಳ್ಬ್ಯಾಡಿ ಮತ್ತೆ!"

ತಾನೇ ಕೀಲಿ ಒತ್ತಿ ಇನ್ನೊಮ್ಮೆ ಓದಿಸಿದಳು. ಸುಗುಣ ಉತ್ತರದ ಹಾಳೆಯನ್ನು ಮೇಜಿನ ಮೇಲೆ ಮಗುಚಿ ಹಾಕಿದಳು.

ಮೇಜಿನ ಅಂಚಿನಿಂದ ವಿನಯಾಳ ಬೆರಳು ಮೆಲ್ಲಗೆ ಹೊರಟಿತು. ಸ್ವಲ್ಪ ದೂರ ಹೋಗಿ ಎಡಕ್ಕೆ ತಿರುಗಿ ಕೆಟ್ಟ ಬಲ್ಬಿದ್ದ ಕಡೆ ನಿಂತಿತು. ಅಲ್ಲಿಂದ ಬಂದ ದಾರಿಯಲ್ಲೇ ಹಿಂದೆ ಬಂತು. ಕವಲಿನ ಹತ್ತಿರ ತುಸು ಹೊತ್ತು ತಡೆದು, ಬಲಗಡೆಯ ದಾರಿ ಹಿಡಿಯಿತು.