ಕತ್ತರಿಯ ಒಬಿಟ್

ಪತ್ರಿಕೆಯ ಸುದ್ದಿಮನೆಯಲ್ಲಿ ನಿಧನ ಬರಹಕ್ಕೆ ಒಬಿಚುಯರಿ ಎಂದು ಪೂರ್ತಿ ಹೇಳುವಷ್ಟು ಪುರುಸೊತ್ತು ಯಾರಿಗಿದೆ? ಅರ್ಧಕ್ಕೇ ಮುರಿದು ಒಬಿಟ್ ಮಾಡಿಟ್ಟಿದ್ದರು. "ಒಬಿಟ್ ಎಷ್ಟಿದೆ?" "ಇವತ್ತು ಎರಡೇ, ಪುಟ ತುಂಬಲ್ಲ." ಸಾವಿನ ಮಾತೆಂದು ಯಾರೂ ದನಿ ತಗ್ಗಿಸುತ್ತಿರಲಿಲ್ಲ. ಬದುಕಿರುವ ದೊಡ್ಡವರ ಬಗ್ಗೆ ಮೊದಲೇ ಬರೆದಿಟ್ಟುಕೊಂಡರೆ ಅದು ರೆಡಿ ಒಬಿಟ್. ಅಲ್ಲಿನ ಸುದ್ದಿ ಡೆಸ್ಕಿನಲ್ಲಿ ಕೆಲಸ ಮಾಡುವ ಅವಳೂ ಟೀ ಹೀರುತ್ತ ಎಷ್ಟೋ ಜನರದ್ದು ಬರೆದಿಟ್ಟವಳೇ.

ಈಗ ಸಂಪಾದಕರು ಅವಳ ಗಂಡನದ್ದು ಕೇಳಿದ್ದರು. ಅದೇ ಡೆಸ್ಕಿಗೆ ಮುಖ್ಯಸ್ಥನಾಗಿದ್ದವನು; ಯಾರ ಬರಹವನ್ನೂ ಅರ್ಧಕ್ಕಿಳಿಸದೆ ಬಿಟ್ಟವನಲ್ಲ, ಹಾಗಾಗಿ ಆಫೀಸಿಗೆಲ್ಲ ಅವನು ಕತ್ತರಿ. ಡಾಕ್ಟರು ಕೈಚೆಲ್ಲಿ ಮನೆಗೆ ಕಳಿಸಿದ್ದರು. ಬರೆದರೆ ತಾನೂ ಕೈಚೆಲ್ಲಿದಂತೆ ಎಂದು ಅವಳು ಇವತ್ತು ನಾಳೆ ಎನ್ನುತ್ತ ದಿನ ತಳ್ಳಿದಳು. ನೋಡಲು ಬಂದ ಗೆಳೆಯನೊಬ್ಬ ಗಂಡನ ಮುಂದೆ ಈ ವಿಷಯ ಬಾಯಿಬಿಟ್ಟ.

"ನನ್ನ ಒಬಿಟ್ ಎಲ್ಲೇ?"

"ಬಿಡ್ತು ಅನ್ನಿ!"

"ನೀನು ಬರೀದಿದ್ರೆ ಆ ಹೊಸಬರು ಬರೀತಾರೆ. ಧೀಮಂತ, ಅಜಾತಶತ್ರು ಅಂತೆಲ್ಲ ಸೇರಿಸಿ ನನ್ನ ಮಾನ ಕಳೀತಾರೆ."

ಕಣ್ಣೊರೆಸಿಕೊಳ್ಳುತ್ತಲೇ ಬರೆದಳು. ಮರುದಿನ ಮಧ್ಯಾಹ್ನ ಅವನು ದಿಂಬಿಗೊರಗಿ ಕೆಂಪು ಪೆನ್ನು ಹಿಡಿದ. ಮೊದಲ ಸಾಲಿನಲ್ಲೇ 'ಹಿರಿಯ' ಹಾರಿಹೋಯಿತು.

"ತುಂಬಲಾರದ ನಷ್ಟವಂತೆ! ಯಾರಿಗೆ, ಕ್ಯಾಂಟೀನಿನವನಿಗಾ?"

ಅವಳಿಗೆ ನಗು ತಡೆಯಲಾಗಲಿಲ್ಲ. ಕಾಯಿಲೆ ಗೊತ್ತಾದ ದಿನದಿಂದಲೂ ಅವನು ಹೀಗೇ, ಕಲ್ಲುಗುಂಡಿನ ಹಾಗೆ. ಅದನ್ನು ನೋಡಿಕೊಂಡೇ ಅವಳು ಬೆಳಗ್ಗೆ ಎದ್ದು ಓಡಾಡುತ್ತಿದ್ದಳು.

ಪೆನ್ನು ಕೊನೆಯ ಸಾಲಿಗೆ ಬಂತು. ಎಲ್ಲ ಒಬಿಟ್‌ಗಳಿಗೂ ಇರುವ ಸಾಲು ಅದು. ಇಬ್ಬರೂ ಅದನ್ನು ಓದದೆಯೇ ಎಷ್ಟೋ ಸಲ ಪುಟಕ್ಕೆ ಬಿಟ್ಟಿದ್ದರು. 'ಮೃತರಿಗೆ ಪತ್ನಿ ಇದ್ದಾರೆ.'

ಪೆನ್ನು ಅಲ್ಲೇ ನಿಂತಿತು. ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

"ಯಾಕ್ರೀ, ತಪ್ಪಾಗಿದೆಯಾ?"

"ಇಲ್ಲ." ಆ ಸಾಲಿನ ಮೇಲೆ ಬೆರಳಿಟ್ಟ. "ಒಬ್ಬಳೇ ಇರ್ತೀಯಲ್ಲೇ."

"ಸುಮ್ನಿರಿ."

"ನಂಗೆ ಹೋಗೋಕೆ ಇಷ್ಟ ಇಲ್ಲ ಕಣೆ. ಒಂಚೂರೂ ಇಷ್ಟ ಇಲ್ಲ."

ಅವಳ ಕೈ ಹಿಡಿದು ಅವನು ಹೋ ಎಂದು ಅತ್ತುಬಿಟ್ಟ. ಸಮಾಧಾನದ ಮಾತು ಆಡುತ್ತಿದ್ದವನು ಯಾವಾಗಲೂ ಅವನೇ. ಪೆನ್ನು ಹಾಸಿಗೆಯ ಮೇಲೆ ಬಿದ್ದು ಕೆಂಪು ಹರಡುತ್ತಿದ್ದರೂ ಎತ್ತಿಡದೆ, ಅವಳು ಅವನ ಪಕ್ಕದಲ್ಲಿ ಮುದುಡಿಕೊಂಡು ಮಲಗಿದಳು.